ಕೌದಿಯ ಕೋಣೆಗೆ ಬಂದ ಚರ್ಚು

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ಮನೆಯೊಂದರ ಮೇಲಿನ ಕೋಣೆ. ನಾಲ್ಕೂ ಗೋಡೆಗಳಿಗೆ ಮೊಳೆ ಹೊಡೆದು ಹಳೆಯ ಕೌದಿಗಳನ್ನು ತೂಗುಹಾಕಲಾಗಿದೆ. ಕಿಟಕಿಗೂ ಒಂದು ಕೌದಿ. ಮೂಲೆಯಲ್ಲಿ ಕಂಪ್ಯೂಟರ್, ನಡುವೆ ಒಂದು ಮೈಕು. ಊರಿನ ಭಜನಾ ಮೇಳದವರು ಹಾರ್ಮೋನಿಯಂ, ತಬಲಾ, ತಾಳಗಳೊಂದಿಗೆ ಇಲ್ಲಿ ಕುಳಿತು ಶಿಶುನಾಳ ಶರೀಫರ ಪದವೊಂದನ್ನು ಆಗಷ್ಟೇ ಹಾಡಿ ಮುಗಿಸಿದ್ದರು. ಅವರು ಬೆವರು ಒರೆಸಿಕೊಳ್ಳುತ್ತಿರುವಾಗ, ಧ್ವನಿಮುದ್ರಣ ಮಾಡಿಕೊಂಡಿದ್ದ ಹುಡುಗ ಅದೇ ಹಾಡನ್ನು ಮತ್ತೆ ಕೇಳಿಸಿದ. ಹಾಡು ಅದೇ, ಕಂಠಗಳೂ ಅವೇ. ಆದರೆ ಕೌದಿಯ ಕೋಣೆ ಎಲ್ಲಿಯೋ ಮಾಯವಾಗಿತ್ತು. ಭಾರಿ ಕಲ್ಲಿನ ಕಟ್ಟಡದೊಳಗೆ ನಿಂತು ಹಾಡಿದಂತೆ ಪ್ರತಿಯೊಂದು ಸಾಲಿನ ಕೊನೆಯೂ ಮೇಲಕ್ಕೆ ತೇಲಿ ನಿಧಾನವಾಗಿ ಕರಗುತ್ತಿತ್ತು.

ಮೇಳದ ಹಿರಿಯರೊಬ್ಬರು ಕಿವಿಗೊಟ್ಟು ಕೇಳಿ, “ಇದನ್ನ ಯಾವ ಗುಡ್ಯಾಗ ಹಾಡೀವೋ ತಮ್ಮಾ?” ಎಂದರು.

“ಗುಡಿ ಅಲ್ರೀ ಅಜ್ಜಾರ, ಇದು ಚರ್ಚು. ಜರ್ಮನೀದು.”

“ಹಂಗಾರ ನಮ್ಮ ಗುಡಿ ಏನ್ ಪಾಪ ಮಾಡಿತ್ತು?”

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆದರೆ ಆ ಪ್ರಶ್ನೆ ನನ್ನೊಡನೆ ಬಸ್ಸು ಹತ್ತಿ ಬಂದುಬಿಟ್ಟಿತು. ಚಿಕ್ಕೇರೂರಿನ ಕೌದಿಯ ಕೋಣೆಗೆ ಜರ್ಮನಿಯ ಚರ್ಚು ಬಂದದ್ದಾದರೂ ಹೇಗೆ?

ಅದು ಬಂದದ್ದು ‘ಪ್ಲಗಿನ್’ ಎಂಬ ಸಣ್ಣ ತಂತ್ರಾಂಶದ ರೂಪದಲ್ಲಿ. ಹಾಡನ್ನು ಮುದ್ರಿಸಿ ಹದಗೊಳಿಸಲು ಕಂಪ್ಯೂಟರಿನಲ್ಲಿ ಒಂದು ಮುಖ್ಯ ತಂತ್ರಾಂಶ ಇರುತ್ತದೆ. ಅದರೊಳಕ್ಕೆ ಸಿಕ್ಕಿಸಬಹುದಾದ ಉಪಕರಣಗಳೇ ಈ ಪ್ಲಗಿನ್‌ಗಳು. ಒಂದು ದನಿಯ ಗಡಸನ್ನು ಇಳಿಸುತ್ತದೆ, ಇನ್ನೊಂದು ಏರುಪೇರನ್ನು ಸಮ ಮಾಡುತ್ತದೆ, ಮತ್ತೊಂದು ತಪ್ಪಿದ ಶ್ರುತಿಯನ್ನು ಎಳೆದು ಕೂರಿಸುತ್ತದೆ. ಇವುಗಳಲ್ಲೆಲ್ಲ ಅತ್ಯಂತ ಹಳೆಯ ಆಸೆಯನ್ನು ಪೂರೈಸುವುದು ಮಾತ್ರ ನಮ್ಮ ಹಳ್ಳಿಗಳ ಮೈಕ್‌ಸೆಟ್ಟಿನವರು ‘ಎಕೋ’ ಎಂದು ಕರೆಯುವ ಪರಿಣಾಮ.

ಎಕೋ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ದೂರದ ಗುಡ್ಡಕ್ಕೆ ಮುಖ ಮಾಡಿ ಕೂಗಿದಾಗ ನಮ್ಮ ಕೂಗು ಬಿಡಿಯಾಗಿ ಮರಳಿ ಬಂದರೆ ಅದು ಪ್ರತಿಧ್ವನಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವುದರಿಂದ, ಗೋಡೆ ಹತ್ತಿರವಿದ್ದರೆ ಮರಳಿ ಬಂದ ದನಿ ಮೂಲ ದನಿಗೇ ಅಂಟಿಕೊಳ್ಳುತ್ತದೆ. ಗೋಡೆ, ಚಾವಣಿ, ನೆಲ, ಕಂಬಗಳಿಂದ ಸಾವಿರಾರು ಬಾರಿ ಪುಟಿದ ದನಿಗಳು ಒಂದರ ಮೇಲೊಂದು ಬಿದ್ದು, ಘಂಟೆ ಬಾರಿಸಿದ ಮೇಲೆ ಉಳಿಯುವ ನಾದದಂತೆ ಕ್ರಮೇಣ ಅಡಗುತ್ತವೆ. ಇದು ಅನುರಣನ. ಹಾಡಿಗೆ ಮೆರುಗು ಕೊಡುವುದು ಹೆಚ್ಚಾಗಿ ಇದೇ. ಕಣ್ಣು ಮುಚ್ಚಿದ್ದರೂ ನಾವು ಅಡುಗೆಮನೆಯಲ್ಲಿದ್ದೇವೆಯೋ ಬಾವಿಯ ದಂಡೆಯಲ್ಲಿದ್ದೇವೆಯೋ ಎಂದು ಕಿವಿಗೆ ತಿಳಿಯುವುದೂ ಇದರಿಂದಲೇ.

ವಿಚಿತ್ರವೆಂದರೆ ಈ ಅನುರಣನದ ವಿಜ್ಞಾನ ಶುರುವಾದದ್ದು ಅದನ್ನು ಹೆಚ್ಚಿಸುವುದಕ್ಕಲ್ಲ, ಕೊಲ್ಲುವುದಕ್ಕೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸ ಉಪನ್ಯಾಸ ಸಭಾಂಗಣವೊಂದನ್ನು ಕಟ್ಟಿಸಿತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡಿನವರೆಗೂ ಗುಂಯ್‌ಗುಡುತ್ತಿತ್ತು. ಉಪನ್ಯಾಸಕರ ಹತ್ತನೆಯ ಪದ ಬರುವಾಗಲೂ ಮೊದಲನೆಯದು ಸುತ್ತುತ್ತಲೇ ಇದ್ದರೆ ಯಾರಿಗೆ ಏನು ಅರ್ಥವಾದೀತು? ದೋಷ ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬಿನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂತು. ಆತ ರಾತ್ರಿ ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು, ಸಭಾಂಗಣದಲ್ಲಿ ಹಾಸಿ, ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ಗಡಿಯಾರ ಹಿಡಿದು ನಾದ ಅಡಗುವ ಕಾಲವನ್ನು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ರಂಗಮಂದಿರಕ್ಕೆ! ಮೆತ್ತೆಗಳು ಹೆಚ್ಚಿದಷ್ಟೂ ಅನುರಣನ ತಗ್ಗುತ್ತಿತ್ತು. ಕೋಣೆಯ ಗಾತ್ರ ಮತ್ತು ಅದರೊಳಗಿನ ವಸ್ತುಗಳು ಹೀರುವ ಶಬ್ದದ ಪ್ರಮಾಣದಿಂದ ಅನುರಣನದ ಕಾಲವನ್ನು ಲೆಕ್ಕ ಹಾಕಬಹುದೆಂದು ಆತ ಕಂಡುಕೊಂಡ. ಇಂದಿಗೂ ಸಭಾಂಗಣ ಕಟ್ಟುವವರು ಬಳಸುವುದು ಸ್ಯಾಬಿನ್‌ನ ಸೂತ್ರವನ್ನೇ. ಚಿಕ್ಕೇರೂರಿನ ಹುಡುಗ ಆತನ ಹೆಸರು ಕೇಳಿರಲಿಲ್ಲ. ಆದರೆ ಅವನ ಕೌದಿಗಳು ಆ ಮೆತ್ತೆಗಳ ಸಂಬಂಧಿಕರೇ.

ಹಾಗಾದರೆ ಮೊದಲು ಕೌದಿ ಹಾಕಿ ಅನುರಣನವನ್ನು ಕೊಂದು, ಆಮೇಲೆ ಕಂಪ್ಯೂಟರಿನಿಂದ ಅದನ್ನೇ ತುಂಬುವುದೇಕೆ? ಕಾರಣ ಸರಳ. ಒಮ್ಮೆ ಮುದ್ರಣದೊಳಗೆ ಸೇರಿದ ಕೋಣೆಯನ್ನು ತೆಗೆಯುವುದು ಕಷ್ಟ, ಸೇರಿಸುವುದು ಸುಲಭ. ಉಪ್ಪಿನ ಹಾಗೆ.

ಸ್ನಾನದ ಮನೆಯಿಂದ ಉಕ್ಕಿನ ಹಾಳೆಗೆ

ನಮ್ಮ ನಾಡಿನ ಹಳೆಯ ಧ್ವನಿಮುದ್ರಿಕೆಗಳಲ್ಲಿ ಈ ಸೇರಿಸುವ ಆಟ ಇರಲಿಲ್ಲ. ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿಯವರು 1932ರಲ್ಲಿ ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿಗೆ ಮೊದಲ ಬಾರಿ ಹಾಡಿದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. ಆರಂಭದ ಆ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲೇ ರಾಗ ಮುಗಿಯಬೇಕು. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ಕಂಠ ಗಡಸಾಯಿತು. ನಾವೆಲ್ಲ ಬಲ್ಲ ಗಂಗೂಬಾಯಿಯ ದನಿ ಅದೇ. ಹಳೆಯ ತಟ್ಟೆಗಳಲ್ಲಿರುವುದು ಅದಕ್ಕಿಂತ ಹಿಂದಿನ ತೆಳುವಾದ, ಏರುದನಿಯ ತರುಣಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಒಬ್ಬರೇ ಎಂದು ನಂಬುವುದು ಕಷ್ಟ. ಯಾವ ಯಂತ್ರವೂ ಆ ದನಿಯನ್ನು ತಿದ್ದಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ಬದಲಾವಣೆ ಇಂದಿಗೂ ನಮಗೆ ಸಾಕ್ಷಿಯಾಗಿ ಉಳಿದಿದೆ.

ಬೇಕೆಂದೇ ಅನುರಣನ ಬೆರೆಸುವ ಕಲೆಗೆ ಹೆಸರು ತಂದದ್ದು ಒಂದು ಬಚ್ಚಲು. 1947ರಲ್ಲಿ ಷಿಕಾಗೊ ನಗರದ ಧ್ವನಿಮುದ್ರಣಕಾರ ಬಿಲ್ ಪಟ್ನಮ್, ಹಾರ್ಮೋನಿಕಾ ನುಡಿಸುವ ತಂಡವೊಂದರ ಸಂಗೀತವನ್ನು ಸ್ಟುಡಿಯೋದ ಸ್ನಾನದ ಮನೆಯೊಳಗಿನ ಸ್ಪೀಕರಿಗೆ ಕಳಿಸಿ, ಅಲ್ಲಿಯೇ ಇಟ್ಟ ಮೈಕಿನಿಂದ ಮರಳಿ ಹಿಡಿದು, ಮೂಲದೊಡನೆ ಬೆರೆಸಿದ. ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. ಸ್ನಾನ ಮಾಡುವಾಗ ಎಲ್ಲರ ಹಾಡೂ ಚೆನ್ನಾಗಿರುತ್ತದೆ ಎಂಬ ಗುಟ್ಟನ್ನು ಆತ ಮಾರುಕಟ್ಟೆಗೆ ತಂದಿದ್ದ. ಆ ಬಳಿಕ ದೊಡ್ಡ ಸ್ಟುಡಿಯೋಗಳೆಲ್ಲ ಇದಕ್ಕೆಂದೇ ಬರಿಗೋಡೆಯ ಕೋಣೆಗಳನ್ನು ಕಟ್ಟಿಸಿಕೊಂಡವು.

ಕೋಣೆ ಕಟ್ಟಲು ಜಾಗವಿಲ್ಲದವರಿಗೆ ಜರ್ಮನಿಯ ಇಎಂಟಿ ಕಂಪನಿ 1957ರಲ್ಲಿ ಬೇರೊಂದು ದಾರಿ ತೋರಿಸಿತು. ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳು ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಹಾಡಿನಿಂದ ಅದನ್ನು ಕಂಪಿಸುವಂತೆ ಮಾಡುವುದು; ಆ ಕಂಪನವನ್ನೇ ಅನುರಣನವೆಂದು ಬೆರೆಸುವುದು. ಪೆಟ್ಟಿಗೆಯ ತೂಕ ಎರಡೂವರೆ ಕ್ವಿಂಟಲಿಗೂ ಹೆಚ್ಚು. ಆಗಿನ ಕಾಲಕ್ಕೆ ಅದೇ ಚಿಕ್ಕದು.

ಕನ್ನಡದ ಚಿತ್ರಗೀತೆಗಳಿಗಂತೂ ದಶಕಗಳ ಕಾಲ ಮದ್ರಾಸಿನ ಸ್ಟುಡಿಯೋಗಳೇ ಗತಿ. 1980ರ ದಶಕದಲ್ಲಿ ಶಂಕರನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದು ಆ ಅವಲಂಬನೆ ತಪ್ಪಿಸಲೆಂದೇ. ಅದೇ ದಶಕದಲ್ಲಿ ಕ್ಯಾಸೆಟ್‌ಗಳು ಹಳ್ಳಿ ಹಳ್ಳಿಗೂ ನುಗ್ಗಿದವು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರ ಪದಗಳು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಚಹದಂಗಡಿಗಳಲ್ಲಿಯೂ ಕೇಳತೊಡಗಿದವು. ಭಕ್ತಿಗೀತೆಯೆಂದ ಮೇಲೆ ಎಕೋ ಇರಲೇಬೇಕು ಎಂಬ ಅಲಿಖಿತ ನಿಯಮ ಬೇರೂರಿದ್ದೂ ಕ್ಯಾಸೆಟ್ಟಿನ ಕಾಲದಲ್ಲಿಯೇ. ಜಾತ್ರೆಗಳಲ್ಲಿ ಆಂಪ್ಲಿಫೈಯರಿಗೆ ಎಕೋ ಗುಂಡಿ ಬಂದ ಮೇಲೆ ಕೇಳುವುದೇ ಬೇಡ. ದೇಣಿಗೆ ಕೊಟ್ಟವರ ಹೆಸರನ್ನೂ ಮೂರು ಮೂರು ಸಲ ಕೇಳಬೇಕಾಯಿತು.

ಒಂದು ಚಪ್ಪಾಳೆಯ ಲೆಕ್ಕ

ಉಕ್ಕಿನ ಹಾಳೆಯೂ ಬೇಡ, ಕೋಣೆಯೂ ಬೇಡ, ಬರೀ ಅಂಕಿಗಳಿಂದಲೇ ಅನುರಣನ ಹುಟ್ಟಿಸಬಹುದು ಎಂಬುದನ್ನು 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿಕೊಟ್ಟಿದ್ದ. ಅದು ಮಾರುವ ಯಂತ್ರವಾಗಲು 1976ರವರೆಗೆ ಕಾಯಬೇಕಾಯಿತು. ಆ ಯಂತ್ರಗಳ ಬೆಲೆ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಎಟಕುವಂಥದು. 1992ರಲ್ಲಿ ಇಸ್ರೇಲಿನ ವೇವ್ಸ್ ಕಂಪನಿ ಯಂತ್ರವನ್ನು ಬಿಟ್ಟು ತಂತ್ರಾಂಶವನ್ನಷ್ಟೇ ಮಾರಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ, ಯಾರು ಬೇಕಾದರೂ ಪ್ಲಗಿನ್ ಬರೆದು ಸಿಕ್ಕಿಸಬಹುದಾದ ‘ವಿಎಸ್‌ಟಿ’ ಎಂಬ ವ್ಯವಸ್ಥೆಯನ್ನು ತೆರೆದಿಟ್ಟಿತು. ಲಕ್ಷಾಂತರ ರೂಪಾಯಿಯ ಪೆಟ್ಟಿಗೆ ಮನೆಯ ಕಂಪ್ಯೂಟರಿಗೆ ಇಳಿದದ್ದು ಹೀಗೆ.

ಆದರೂ ಇವೆಲ್ಲ ಊಹೆಯ ಕೋಣೆಗಳು. ಇಂಥದೇ ಕಟ್ಟಡ ಎಂದು ಹೇಳುವ ಹಾಗಿರಲಿಲ್ಲ. 1999ರಿಂದ ಈಚೆಗೆ ಬಂದ ‘ಕನ್ವಲ್ಯೂಷನ್’ ಮಾದರಿಯ ಉಪಕರಣಗಳು ಆ ಕೊರತೆಯನ್ನು ತುಂಬಿದವು. ಚಿಕ್ಕೇರೂರಿಗೆ ಬಂದ ಚರ್ಚು ಇದೇ ಜಾತಿಯದು. ವಿಧಾನ ಇಷ್ಟು: ಕಟ್ಟಡದೊಳಗೆ ಒಂದು ಚಪ್ಪಾಳೆ ತಟ್ಟಿ, ಇಲ್ಲವೇ ಬಲೂನು ಒಡೆದು, ಅದು ಪೂರ್ತಿ ಅಡಗುವವರೆಗೆ ಮುದ್ರಿಸಿಕೊಳ್ಳುವುದು. ಆ ಒಂದು ಚಪ್ಪಾಳೆಯಲ್ಲಿ ಕಟ್ಟಡದ ಗೋಡೆ, ಕಂಬ, ಚಾವಣಿಗಳ ಉತ್ತರವೆಲ್ಲ ಅಡಗಿರುತ್ತದೆ. ಇನ್ನು ಹಾಡು ಎಂದರೇನು? ಕಂಪ್ಯೂಟರಿನ ಪಾಲಿಗೆ ಅದು ಸೆಕೆಂಡಿಗೆ 44,100 ಚೂರುಗಳ ಸಾಲು. ಒಂದೊಂದು ಚೂರನ್ನೂ ಒಂದು ಪುಟ್ಟ ಚಪ್ಪಾಳೆ ಎಂದುಕೊಂಡು, ಅದಕ್ಕೆ ಕಟ್ಟಡ ಕೊಡಬಹುದಾಗಿದ್ದ ಉತ್ತರವನ್ನು ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸಿದರೆ ಆ ಕಟ್ಟಡದಲ್ಲೇ ಹಾಡಿದಂತಾಯಿತು. ಮೂರು ಸೆಕೆಂಡಿನ ಅನುರಣನಕ್ಕೆ, ಹಾಡಿನ ಪ್ರತಿ ಸೆಕೆಂಡಿಗೂ ಸುಮಾರು 583 ಕೋಟಿ ಗುಣಾಕಾರಗಳು ಬೇಕು. ಗಣಿತದ ಅಡ್ಡದಾರಿಯೊಂದರಿಂದ ಈ ಹೊರೆ ಬಹಳ ಕಡಿಮೆಯಾದದ್ದಕ್ಕೇ ಸಾಧಾರಣ ಕಂಪ್ಯೂಟರುಗಳೂ ಇದನ್ನು ಮಾಡಬಲ್ಲವು.

ಇದರ ಬೆರಗನ್ನು ಲೋಕಕ್ಕೆ ತೋರಿಸಿದ್ದು ಇಸ್ತಾಂಬುಲಿನ ಹಾಗಿಯಾ ಸೋಫಿಯಾ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಅಲ್ಲಿ ಕೆಲವು ಬಲೂನುಗಳನ್ನು ಒಡೆದು ಆ ಶಬ್ದವನ್ನು ಕೊಂಡೊಯ್ದರು. ಆ ಕಟ್ಟಡದ ಅನುರಣನ ಹತ್ತು ಸೆಕೆಂಡಿಗೂ ಹೆಚ್ಚು. ಶತಮಾನಗಳಿಂದ ಅಲ್ಲಿ ಕೇಳದಿದ್ದ ಬೈಜಾಂಟೈನ್ ಪ್ರಾರ್ಥನಾ ಗೀತೆಗಳನ್ನು ಗಾಯಕರು ಕ್ಯಾಲಿಫೋರ್ನಿಯಾದಲ್ಲಿ ಆ ಅನುರಣನದೊಳಗೆ ಹಾಡಿದರು. 2019ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಹೊರಬಂತು.

ಇಲ್ಲಿಯೇ ಮೇಳದ ಅಜ್ಜನ ಪ್ರಶ್ನೆ ಮತ್ತೆ ಎದುರಾಗುತ್ತದೆ. ಆ ಹುಡುಗನ ಕಂಪ್ಯೂಟರಿನಲ್ಲಿ ನಾನು ನೋಡಿದ ಪಟ್ಟಿಯಲ್ಲಿ ಯುರೋಪಿನ ಚರ್ಚುಗಳಿದ್ದವು, ಸಂಗೀತ ಮಂದಿರಗಳಿದ್ದವು, ಒಂದು ಈಜುಕೊಳವೂ ಇತ್ತು. ನಮ್ಮ ಕಡೆಯ ಒಂದು ಗುಡಿಯೂ ಇರಲಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ಮೇಲೆ ನೋಡಿದವರು, ಕಲ್ಲಿನಲ್ಲಿ ಅರಳಿದ ತಾವರೆಯ ಆ ಚಾವಣಿಯನ್ನು ಮರೆಯಲಾರರು. ವಿಜಾಪುರದ ಗೋಲಗುಮ್ಮಟದಲ್ಲಿ ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆಯ ಗೋಡೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಇವುಗಳ ಚಿತ್ರ ತೆಗೆದಿದ್ದೇವೆ, ಅಳತೆ ತೆಗೆದಿದ್ದೇವೆ, ಶಾಸನ ಓದಿದ್ದೇವೆ. ದನಿಯೂ ಕಟ್ಟಡದ ಒಂದು ಭಾಗವೆಂದು ನಮಗೆ ಹೊಳೆದದ್ದು ಕಡಿಮೆ. ಹಳ್ಳಿಯ ಸಣ್ಣ ಗುಡಿಗಳ ಗತಿ ಇನ್ನೂ ಕಠಿಣ. ಜೀರ್ಣೋದ್ಧಾರವೆಂದು ಟೈಲ್ಸ್ ಹಾಕಿ, ಬಣ್ಣ ಬಳಿದು, ತಗಡಿನ ಚಾವಣಿ ಇಳಿಸಿದ ದಿನವೇ ಹಳೆಯ ದನಿ ಹೊರಟುಹೋಗಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶ್ರುತಿ ತಿದ್ದುವ ಪ್ಲಗಿನ್‌ಗಳ ಕಥೆಯೂ ಇದಕ್ಕೆ ಹತ್ತಿರದ್ದೇ. ಇವುಗಳಲ್ಲಿ ಹೆಸರಾದ ‘ಆಟೋಟ್ಯೂನ್’ 1997ರದು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಕಂಪನಿಗಾಗಿ, ಭೂಮಿಯೊಳಕ್ಕೆ ಕಳಿಸಿದ ಶಬ್ದ ಮರಳಿ ಬರುವ ರೀತಿಯಿಂದ ಎಣ್ಣೆಯ ಜಾಡು ಹಿಡಿಯುತ್ತಿದ್ದವನು. ಆ ಗಣಿತವನ್ನೇ ಕಂಠಕ್ಕೆ ಹಚ್ಚಿದ. ಹಾರ್ಮೋನಿಯಂನ ಹನ್ನೆರಡು ಮನೆಗಳಂತೆ ನಿಂತ ಸ್ವರಗಳಿಗೆ ಅದು ಕಂಠವನ್ನು ಎಳೆದು ತರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ದರ್ಬಾರಿಯ ತೂಗುವ ಗಾಂಧಾರ ಇವೆಲ್ಲ ಅದರ ಕಣ್ಣಿಗೆ ತಪ್ಪುಗಳು. ನಿಧಾನವಾಗಿ ತಿದ್ದುವಂತೆ ಅದನ್ನು ಹೊಂದಿಸಬಹುದು ನಿಜ. ಆದರೆ ಹೊಂದಿಸುವವನಿಗೆ ಕಿವಿ ಇರಬೇಕು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹುಟ್ಟಿದ್ದು ಹಾನಗಲ್ ತಾಲ್ಲೂಕಿನಲ್ಲಿ. ಕಣ್ಣಿಲ್ಲದ ಆ ಇಬ್ಬರು ಗುರುಗಳು ಗದಗಿನ ಆಶ್ರಮದಲ್ಲಿ ತಲೆಮಾರುಗಳಿಗೆ ಕಲಿಸಿದ್ದು ಆ ಕಿವಿಯನ್ನೇ.

ಹದಿನೈದು ದಿನಗಳ ನಂತರ ಇನ್ನೊಂದು ಕೆಲಸದ ನಿಮಿತ್ತ ಚಿಕ್ಕೇರೂರಿಗೆ ಹೋದಾಗ ಹುಡುಗ ಮತ್ತು ಅಜ್ಜ ಇಬ್ಬರೂ ಗುಡಿಯಲ್ಲಿದ್ದರು. ಉರಿಬಿಸಿಲಿನ ಮಧ್ಯಾಹ್ನ, ಕರೆಂಟ್ ಇರಲಿಲ್ಲ. ಪಂಪುಸೆಟ್ಟು, ಫ್ಯಾನು ಯಾವುದರ ಸದ್ದೂ ಇಲ್ಲದ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು. ಗರ್ಭಗುಡಿಗೆ ಮುಖ ಮಾಡಿ ಮೈಕು ನಿಂತಿತ್ತು. ಹುಡುಗ ಬಲೂನು ಒಡೆದ. ಢಂ ಎಂಬ ಸದ್ದಿಗೆ ಚಾವಣಿಯ ಸಂದಿಯಿಂದ ಪಾರಿವಾಳಗಳು ಪಟಪಟನೆ ಹಾರಿದವು. ಮುದ್ರಣ ಕೆಟ್ಟಿತು. ಅದನ್ನು ಹಾಗೆಯೇ ಬಳಸಿದರೆ ಹಾಡಿನ ಒಂದೊಂದು ಸ್ವರದ ಬೆನ್ನಿಗೂ ರೆಕ್ಕೆ ಬಡಿಯುವ ಸದ್ದು ಹತ್ತಿಕೊಳ್ಳುತ್ತದೆ ಎಂದು ಹುಡುಗ ವಿವರಿಸಿದ.

“ಹತ್ಲಿ ಬಿಡೋ, ಅವೂ ಇಲ್ಲೇ ಇರೂವು” ಎಂದರು ಅಜ್ಜ.

ಹುಡುಗ ಒಪ್ಪಲಿಲ್ಲ. ಪಾರಿವಾಳಗಳು ಹೊರಗಿರುವಾಗಲೇ ಇನ್ನೊಂದು ಬಲೂನು ಊದತೊಡಗಿದ.