ಸದಾಶಿವಗಡ: ವಿಹಾರತಾಣವಾದ ಕೋಟೆಯ ಚರಿತ್ರೆ

ಸದಾಶಿವಗಡವು ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿ ಅರಬ್ಬಿ ಸಮುದ್ರ ಸೇರುವ ಅಳಿವೆಯ ಉತ್ತರ ದಡದಲ್ಲಿರುವ ಗುಡ್ಡದ ಕೋಟೆ. ಇದೇ ನದಿಯ ಮೇಲ್ಭಾಗದಲ್ಲಿ ಕದ್ರಾ ಇದೆ. ಇಂದು ಇಲ್ಲಿಗೆ ಹೆಚ್ಚಿನವರು ಬರುವುದು ಸೂರ್ಯಾಸ್ತ, ನದಿ, ಸೇತುವೆ, ಕಡಲು ಎಲ್ಲವನ್ನೂ ಒಂದೇ ನೋಟದಲ್ಲಿ ಕಾಣಲು. ಆದರೆ ಈ ರಮ್ಯತೆ ಕೋಟೆಯ ಜೊತೆಗೇ ಹುಟ್ಟಿದ್ದಲ್ಲ. ತೋಪುಗಳು ಸುಮ್ಮನಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ವಿಹಾರಿಗಳ ಕಣ್ಣು ಅದನ್ನು ತಂದುಕೊಟ್ಟಿತು. ಆ ಭರದಲ್ಲಿ ಕೋಟೆ ಕಟ್ಟಿಸಿದ ಸೋದೆಯ ಅರಸರ ಹೆಸರು ಹಿಂದೆ ಸರಿಯಿತು.

ಹೋಲಿಕೆಗೆ ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ತೆಗೆದುಕೊಳ್ಳಬಹುದು. ಬವೇರಿಯಾದ ದೊರೆ ಎರಡನೆಯ ಲುಡ್ವಿಗ್ 1869ರಲ್ಲಿ ಅದರ ಕೆಲಸ ಶುರು ಮಾಡಿಸಿದ್ದು ಯಾವ ಶತ್ರುವನ್ನು ತಡೆಯಲಿಕ್ಕೂ ಅಲ್ಲ. ಮಧ್ಯಯುಗದ ಕನಸೊಂದನ್ನು ಕಲ್ಲಿನಲ್ಲಿ ನಿಲ್ಲಿಸಲಿಕ್ಕೆ. 1886ರಲ್ಲಿ ಅವನು ತೀರಿಕೊಂಡ ಕೆಲವೇ ವಾರಗಳಲ್ಲಿ ಅದು ಜನರಿಗೆ ತೆರೆಯಿತು. ಅಲ್ಲಿ ಕಟ್ಟಡದ ಉದ್ದೇಶವೂ ನೋಡುಗರ ಸಂತೋಷವೂ ಬಹುಮಟ್ಟಿಗೆ ಒಂದೇ. ಸದಾಶಿವಗಡದಲ್ಲಿ ಹಾಗಿಲ್ಲ. ಘಟ್ಟದ ಮೇಲಿನ ಕಾಳುಮೆಣಸಿನ ಸೀಮೆ ಸೋದೆ ಅರಸರದು. ಆ ಸರಕು ಕಡಲಿಗೆ ಇಳಿಯುವ ಬಾಗಿಲುಗಳಲ್ಲಿ ಕಾಳಿಯ ಅಳಿವೆ ಮುಖ್ಯವಾದದ್ದು. ಇಲ್ಲಿನ ಚಿತ್ತಾಕುಲ ಹದಿನಾರನೆಯ ಶತಮಾನದಲ್ಲೇ ಪೋರ್ಚುಗೀಸರಿಗೆ ಗೊತ್ತಿದ್ದ ರೇವು. 1638ರಲ್ಲಿ ಇಂಗ್ಲಿಷರೂ ಕಾರವಾರದಲ್ಲಿ ಕೋಠಿ ತೆರೆದರು. ಸೋದೆಯ ಬಸವಲಿಂಗ ಅರಸ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟದ್ದು ಈ ಬಾಗಿಲನ್ನು ಕಾಯಲಿಕ್ಕೆ. ಮೇಲೆ ಗೋಡೆ, ಕಂದಕ. ಕೆಳಗೆ ನೀರಂಚಿಗೆ ತೋಪಿನ ಬುರುಜು. ಒಳಬರುವ ಹಡಗು ಎರಡೂ ಕಡೆಯ ಗುರಿಗೆ ಸಿಕ್ಕೇ ಸಾಗಬೇಕಿತ್ತು. 1752ರಲ್ಲಿ ಪೋರ್ಚುಗೀಸರು ಇದನ್ನು ಹಿಡಿದದ್ದು, 1763ರಲ್ಲಿ ಸೋದೆ ಹೈದರಾಲಿಯ ಪಾಲಾದಾಗ ಅರಸ ಗೋವೆಗೆ ಓಡಿದ್ದು, ಕೊನೆಗೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು, ಇವೆಲ್ಲ ಇದೇ ಬಾಗಿಲಿಗಾಗಿ ನಡೆದ ದೀರ್ಘ ಹೋರಾಟದ ಘಟ್ಟಗಳು. 1801ರಲ್ಲಿ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಕಂಡದ್ದು ಹಾಳುಬಿದ್ದ ವ್ಯಾಪಾರ.

ಗುಡ್ಡವನ್ನು ಬೇರೆ ಕಣ್ಣಿನಿಂದ ನೋಡುವವರು 1862ರ ನಂತರ ಬಂದರು. ಆ ವರ್ಷ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು, ಅಧಿಕಾರಿಗಳ ಮನೆಗಳು ಕಡಲ ದಂಡೆಯಲ್ಲಿ ಎದ್ದವು. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದ ರವೀಂದ್ರನಾಥ ಠಾಕೂರರು ಇಲ್ಲೇ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ, ಶಿವಾಜಿಯ ಹಳೆಯ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕುಳಿತು ಊಟ ಮಾಡಿದ ಸಂಗತಿಯನ್ನು ಅವರು ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಕಾಳಿ ತೀರದ ಕೋಟೆಯೊಂದಕ್ಕೆ ಬರೀ ಸಂತೋಷಕ್ಕಾಗಿ ಹೋದ ವಿಹಾರದ ಬರಹಗಳಲ್ಲಿ ಇದಕ್ಕಿಂತ ಚೆಲುವಾದುದು ಸಿಗುವುದು ಕಷ್ಟ. ಆದರೆ ‘ಶಿವಾಜಿಯ ಕೋಟೆ’ ಎಂಬ ಮಾತನ್ನು ಸದಾಶಿವಗಡಕ್ಕೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಸೋದೆಯವರ ಈ ಕೋಟೆ ಎದ್ದದ್ದು ಅದಾದ ಮೇಲೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. 1675ರಲ್ಲಿ ಶಿವಾಜಿಯ ಪಡೆ ಅಂಕೋಲಾ, ಕಾರವಾರ, ಕದ್ರಾಗಳನ್ನು ಗೆದ್ದದ್ದು ನಿಜ, ಹಾಗಾಗಿ ಕವಿ ಹೇಳಿದ್ದು ನದಿಯ ಮೇಲ್ಭಾಗದ ಬೇರೆ ಕೋಟೆ ಇರಬಹುದು ಎಂಬುದು ಒಂದು. ಈ ವಾದಕ್ಕೆ ತೂಕವಿದೆ: ದೋಣಿ ಪ್ರವಾಹಕ್ಕೆ ಎದುರಾಗಿ ಸಾಗಿತೆಂದು ಕವಿಯೇ ಬರೆದಿದ್ದಾರೆ, ಸದಾಶಿವಗಡವೋ ಅಳಿವೆಯ ಬಾಯಲ್ಲೇ ನಿಂತಿದೆ. ಆದರೆ ಕದ್ರಾ ಒಂದು ರಾತ್ರಿಯ ಊಟಕ್ಕೆ ಹೋಗಿಬರುವಷ್ಟು ಹತ್ತಿರವಲ್ಲ. ಕವಿ ಕೋಟೆಯ ಹೆಸರು ಹೇಳದಿರುವಾಗ ಸದಾಶಿವಗಡವೆಂದು ಖಚಿತವಾಗಿ ಬರೆಯುವುದು ಆತುರವೇ. ಹಾಗೆ ಬರೆದರೆ ಎರಡು ಪ್ರಸಿದ್ಧ ಹೆಸರುಗಳ ನಡುವೆ ಬಸವಲಿಂಗನ ಹೆಸರು ಮುಚ್ಚಿಹೋಗುತ್ತದೆ, ಇದು ನೋವಿನ ಸಂಗತಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಗುಡ್ಡದ ಮೇಲೆ ಉಳಿದಿರುವುದೇ ಅಲ್ಪ, ಹೆದ್ದಾರಿಗಾಗಿ ಗುಡ್ಡವನ್ನೇ ಕಡಿದದ್ದಾಗಿದೆ, ದುರ್ಗಾದೇವಿಯ ಗುಡಿಗೆ ಬರುವ ಭಕ್ತರನ್ನು ಬಿಟ್ಟರೆ ನೋಟವಲ್ಲದೆ ಇನ್ಯಾವುದು ಜನರನ್ನು ಕರೆತಂದೀತು? ಆದರೆ ಇಲ್ಲಿ ನೋಟವೇ ಸಾಕ್ಷಿ. ಪಶ್ಚಿಮಕ್ಕೆ ತಿರುಗಿದರೆ ಒಳಬರುವ ಹಡಗಿನ ದಾರಿ, ಪೂರ್ವಕ್ಕೆ ತಿರುಗಿದರೆ ಮೆಣಸು ಇಳಿದುಬರುತ್ತಿದ್ದ ನದಿ, ಎರಡೂ ಒಂದೇ ಕಡೆ ನಿಂತವನ ಕಣ್ಣಿಗೆ ಬೀಳುತ್ತವೆ. ತೋಪಿಗೆ ಈ ಜಾಗವನ್ನೇ ಆರಿಸಿದ್ದು ಅದಕ್ಕೇ. ಕೆಳಗಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಕರಾವಳಿಯ ಸಂಚಾರ ಈ ಅಳಿವೆಯನ್ನು ಎಷ್ಟು ನಂಬಿಕೊಂಡಿದೆ ಎಂಬುದು ಮತ್ತೆ ಅರಿವಿಗೆ ಬಂತು. ಬಂದರು ಈಗ ದಕ್ಷಿಣದ ಬೈತಖೋಲಕ್ಕೆ ಸರಿದಿದೆ.