ಆಹಾರ ಪ್ರವಾಸೋದ್ಯಮ: ಕರಾವಳಿ ಕರ್ನಾಟಕ

ಒಂದು ಸೀಮೆಯ ಅಡುಗೆಯನ್ನು ಅದರ ನೆಲದಲ್ಲೇ ಉಣ್ಣುವುದು, ಆ ಅಡುಗೆಗೆ ಒದಗುವ ಧಾನ್ಯ, ತರಕಾರಿ, ಹಣ್ಣು, ಮೀನುಗಳು ದೊರೆಯುವ ತಾಣಗಳನ್ನು ಕಾಣುವುದು ಪ್ರಯಾಣದ ಮುಖ್ಯ ಉದ್ದೇಶಗಳಲ್ಲೊಂದಾದಾಗ ಅದನ್ನು ಆಹಾರ ಪ್ರವಾಸವೆಂದು ಕರೆಯುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ, ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ 300 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚಾಚಿರುವ ಕರ್ನಾಟಕದ ಕರಾವಳಿಯು ಮಲ್ಪೆ, ಮುರುಡೇಶ್ವರ, ಗೋಕರ್ಣಗಳಂಥ ಕಡಲತೀರಗಳಿಗೆ ಎಷ್ಟು ಹೆಸರಾಗಿದೆಯೋ ಊಟಕ್ಕೂ ಅಷ್ಟೇ ಹೆಸರಾಗಿದೆ. ಇಲ್ಲಿಯ ಹೆಸರಾಂತ ಬೆಳೆಗಳಲ್ಲಿ ಹಲವು ಒಂದೆರಡು ಊರಿನ ಮಣ್ಣಿಗೆ, ವರ್ಷದ ಕೆಲವೇ ತಿಂಗಳಿಗೆ ಸೀಮಿತವಾಗಿವೆ. ಅವು ಬೆಳೆಯುವ ಕಡಲಂಚಿನ ಮತ್ತು ನದೀಮುಖದ ಸಮತಟ್ಟು ನೆಲವೇ ವಸತಿಗೃಹಗಳಿಗೂ ರಸ್ತೆಗಳಿಗೂ ಬೇಕಾದ ನೆಲವಾಗಿರುವುದರಿಂದ, ಕರಾವಳಿಯ ಊಟದ ಕೀರ್ತಿಯನ್ನು ಅದರ ಬೆಳೆಯ ಸ್ಥಿತಿಯಿಂದ ಬೇರ್ಪಡಿಸಿ ನೋಡಲಾಗದು.

ಊಟಕ್ಕಾಗಿ ಈ ಸೀಮೆಗೆ ಜನ ಬರುವುದು ಹೊಸದೇನಲ್ಲ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದಂದಿನಿಂದ ಅಷ್ಟಮಠಗಳ ಪಾಕಶಾಲೆಗಳು ಯಾತ್ರಿಕರಿಗೆ ಅನ್ನ ನೀಡುತ್ತ ಬಂದಿವೆ. ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ ಹಸ್ತಾಂತರವಾಗುವ ಪರ್ಯಾಯದ ಸಿದ್ಧತೆ ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತದಿಂದ, ಅಂದರೆ ಮುಂದಿನ ಸಂತರ್ಪಣೆಗಳ ಎಲೆಗೂ ಕಾಯಿಗೂ ಬೇಕಾಗುವ ಬಾಳೆಯ ಕಂದುಗಳನ್ನು ನೆಡುವುದರಿಂದ ಆರಂಭವಾಗುತ್ತದೆ; ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನಡೆಯುತ್ತವೆ, ಕೊನೆಗೆ ಊರೂರಿನಿಂದ ತೆಂಗಿನಕಾಯಿ, ಅಕ್ಕಿ, ತರಕಾರಿಗಳು ಹೊರೆಕಾಣಿಕೆಯಾಗಿ ಮೆರವಣಿಗೆಯಲ್ಲಿ ಬರುತ್ತವೆ. ಊಟಕ್ಕೂ ಹೊಲಕ್ಕೂ ಇರುವ ನಂಟು ಇಷ್ಟು ಸ್ಪಷ್ಟವಾಗಿ ಆಚರಣೆಯ ರೂಪ ಪಡೆದಿರುವುದು ವಿರಳ.

ಈ ಅಡುಗೆಯಲ್ಲಿ ವಿಶೇಷ ಸ್ಥಾನ ಪಡೆದ ಮಟ್ಟುಗುಳ್ಳ, ಕಟಪಾಡಿ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ಬದನೆ. ಸೋದೆ ಮಠದ ವಾದಿರಾಜರು ಇದರ ಬೀಜವನ್ನು ಊರವರಿಗೆ ಕೊಟ್ಟರೆಂಬ ಐತಿಹ್ಯವಿದೆ. ಗುಂಡಗಿನ, ತಿಳಿಹಸಿರು ಮೈಯ ಮೇಲೆ ಬಿಳಿಗೆರೆಗಳಿರುವ, ತೊಟ್ಟಿನಲ್ಲಿ ಮುಳ್ಳುಳ್ಳ ಈ ಕಾಯಿಯ ಸಿಪ್ಪೆ ತೀರ ತೆಳು. ಹುಳಿಯಲ್ಲಿ ಬೆಂದಾಗ ತಿರುಳು ಕರಗಿದಂತೆ ಮೆತ್ತಗಾಗುತ್ತದೆ, ಬದನೆಗೆ ಸಹಜವಾದ ಕಹಿ ಮತ್ತು ಕನರು ಇದರಲ್ಲಿ ಕಡಿಮೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಮರಳುಮಿಶ್ರಿತ ಗದ್ದೆಗಳಲ್ಲಿ ಇದನ್ನು ನೆಡುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಒಂದು ಸ್ಥಳದ ಗುಣದಿಂದಲೇ ವಿಶಿಷ್ಟವಾದ ಉತ್ಪನ್ನವನ್ನು ಆ ಸ್ಥಳದ ಹೆಸರಿನಲ್ಲಿ ರಕ್ಷಿಸುವ ಕಾನೂನಿನ ಮಾನ್ಯತೆ, ದೊರೆಯಿತು. ಹೆಸರು ಹರಡಿದಂತೆ ಬೇರೆಡೆಯ ಗುಳ್ಳಗಳೂ ಮಟ್ಟುವಿನ ಹೆಸರಿನಲ್ಲಿ ಮಾರಾಟವಾಗತೊಡಗಿದ್ದರಿಂದ ಬೆಳೆಗಾರರು ಕಾಯಿಗಳಿಗೆ ಗುರುತಿನ ಚೀಟಿ ಅಂಟಿಸುವ ಕ್ರಮಕ್ಕೆ ಮೊರೆಹೋದರು.

20ನೆಯ ಶತಮಾನದಲ್ಲಿ ಉಡುಪಿಯ ಅಡುಗೆಯವರು ಮದ್ರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ತೆರೆದು ಊರಿನ ಹೆಸರನ್ನು ದೇಶವಿಡೀ ಹಬ್ಬಿಸಿದರು. ಊಟ ಮೊದಲು ಊರು ಬಿಟ್ಟು ಹೋಯಿತು, ಅದನ್ನು ಹುಡುಕಿಕೊಂಡು ಉಣ್ಣುವವರು ಆಮೇಲೆ ಬಂದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಈ ಬರವು ಸುಲಭವಾಯಿತು. ಆದರೆ ಹೋಟೆಲಿನ ದೋಸೆ, ಇಡ್ಲಿಗಳು ಈ ಸೀಮೆಯ ಮನೆ ಅಡುಗೆಯ ಸಣ್ಣದೊಂದು ಭಾಗ ಮಾತ್ರ. ಕುಚ್ಚಲಕ್ಕಿಯ ಗಂಜಿ, ಹರಿವೆ ಮತ್ತು ಬಸಳೆಯ ಪದಾರ್ಥ, ತಂಬುಳಿ, ಪುನರ್ಪುಳಿಯ ಸಾರುಗಳು ಪ್ರವಾಸಿಯ ಎಲೆಗೆ ಬರುವುದು ಈಗಲೂ ಅಪರೂಪ.

ಮೀನಿನಡುಗೆಯದು ಬೇರೆಯೇ ಪರಂಪರೆ. ಬಂಗುಡೆಯ ಪುಳಿಮುಂಚಿ, ರವೆ ಹಚ್ಚಿ ಹುರಿದ ಕಾಣೆ, ಮರುವಾಯಿಯ ಸುಕ್ಕ, ಕುಚ್ಚಲಕ್ಕಿ ಹಿಟ್ಟಿನ ಗರಿಗರಿ ರೊಟ್ಟಿಯನ್ನು ಮುರಿದು ಕೋಳಿಸಾರಿನಲ್ಲಿ ನೆನೆಸಿ ತಿನ್ನುವ ಕೋರಿ ರೊಟ್ಟಿ ಮೊದಲಾದವು ಮಂಗಳೂರಿಗೆ ಬರುವವರು ಹೆಸರು ಹಿಡಿದು ಕೇಳುವ ತಿನಿಸುಗಳು. ಕ್ರೈಸ್ತರ ಸನ್ನ ಮತ್ತು ಹಂದಿಮಾಂಸದ ಬಫಾತ್, ಬ್ಯಾರಿಗಳ ಪುಂಡಿ, ಭಟ್ಕಳದ ನವಾಯತರ ಬಿರಿಯಾನಿ, ಗೌಡ ಸಾರಸ್ವತರ ದಾಳಿತೋಯ್, ಹವ್ಯಕರ ಅಪ್ಪೆಹುಳಿ ಒಂದೇ ಹೆದ್ದಾರಿಯುದ್ದಕ್ಕೆ ಸಿಗುತ್ತವೆ. ಕುಂದಾಪುರದಿಂದ ಪ್ರಸಿದ್ಧಿಗೆ ಬಂದ ಕೋಳಿಯ ಘೀ ರೋಸ್ಟ್ ಈಗ ದೂರದ ನಗರಗಳ ಭೋಜನಪಟ್ಟಿಯಲ್ಲೂ ಇದೆ.

ಪ್ರವಾಸಿ ಹಂಗಾಮು ಅಕ್ಟೋಬರಿನಿಂದ ಮೇ ತಿಂಗಳವರೆಗಿನದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಳ ಸಂತಾನವೃದ್ಧಿಗೆ ಅವಕಾಶ ಕೊಡಲು ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ನಾಡದೋಣಿಗಳು ತೀರದ ಸಮೀಪ ಹಿಡಿದ ಅಲ್ಪಸ್ವಲ್ಪ ತಾಜಾ ಮೀನನ್ನು ಬಿಟ್ಟರೆ ಮಾರುಕಟ್ಟೆಯಲ್ಲಿ ಕಾಣುವುದು ಹೊರಗಿನಿಂದ ಮಂಜುಗಡ್ಡೆಯಲ್ಲಿ ಬಂದದ್ದು ಅಥವಾ ಒಣಮೀನು. ಮನೆಯಡುಗೆ ತನ್ನ ಜಾಣ್ಮೆಯನ್ನೆಲ್ಲ ತೋರುವುದು ಈ ತಿಂಗಳುಗಳಲ್ಲಿಯೇ. ಬೇಸಗೆಯಲ್ಲಿ ಬೆಳೆದ ಮಂಗಳೂರು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ಮಾಡಿನ ಜಂತಿಗೆ ತೂಗುಹಾಕಿ ತಿಂಗಳುಗಟ್ಟಲೆ ಉಳಿಸುತ್ತಾರೆ. ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಹಪ್ಪಳಗಳು ಅಟ್ಟದಿಂದ ಇಳಿಯುತ್ತವೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮರದ ಮೇಲೆ ಬೆಳೆಯುವ ಮರಕೆಸುವಿನ ಪತ್ರೊಡೆ, ತಜಂಕಿನ ಸೊಪ್ಪು, ಕಣಿಲೆಯೆಂಬ ಎಳೆ ಬಿದಿರು ಬಳಕೆಯಾಗುತ್ತವೆ. ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿಯಿದೆ. ಸಂಘಸಂಸ್ಥೆಗಳು ನಡೆಸುವ ಆಟಿ ಕೂಟಗಳಿಂದ ಇವುಗಳ ಪರಿಚಯ ನಗರದವರಿಗೆ ಆಗುತ್ತಿದ್ದರೂ, ರಜೆಯಲ್ಲಿ ಬಂದುಹೋಗುವವರಿಗೆ ಕರಾವಳಿಯ ಈ ಮಳೆಗಾಲ ಅಪರಿಚಿತವಾಗಿಯೇ ಉಳಿದಿದೆ.

ಉತ್ತರ ಕನ್ನಡದ ಬೆಳೆಗಳಿಗೆ ಸಿಕ್ಕ ಪ್ರಚಾರ ಅವುಗಳ ಯೋಗ್ಯತೆಗೆ ತೀರ ಕಡಿಮೆ. ಬೇಸಗೆಯಲ್ಲಿ ಕುಮಟಾದ ಆಸುಪಾಸಿನ ಹೆದ್ದಾರಿಯ ಬದಿಯಲ್ಲಿ ಒಣಗಿದ ಎಲೆಗಳನ್ನೇ ಜಡೆಯಂತೆ ಹೆಣೆದು ಗೊಂಚಲು ಮಾಡಿದ ಸಿಹಿ ಈರುಳ್ಳಿ ಮಾರಾಟಕ್ಕೆ ತೂಗುತ್ತಿರುತ್ತದೆ. ಇದರ ಖಾರ ಕಡಿಮೆ. ಗೊಂಚಲನ್ನು ಗಾಳಿಯಾಡುವಲ್ಲಿ ಕಟ್ಟಿದರೆ ಮಳೆಗಾಲಕ್ಕೂ ಒದಗುತ್ತದೆ. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಲಭಿಸಿತು. ಸಿಪ್ಪೆ ತೆಳುವಾದ, ರಸ ತುಂಬಿದ ಈ ಹಣ್ಣು ದೂರದ ಸಾಗಣೆಯನ್ನು ತಾಳದು, ಆದ್ದರಿಂದ ಇದರ ರುಚಿ ಬೇಕೆನ್ನುವವರು ಮೇ ತಿಂಗಳಲ್ಲಿ ಅಂಕೋಲೆಗೇ ಹೋಗಬೇಕು. ಇದೇ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪು ತಯಾರಿಸುವ ಹಳೆಯ ಕಸುಬು ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿಯ ಹರಳುಪ್ಪನ್ನು ಉಪ್ಪಿನಕಾಯಿಗೂ ಮೀನು ಒಣಗಿಸುವುದಕ್ಕೂ ಬಳಸುತ್ತಾರೆ.

ಸಾಣಿಕಟ್ಟೆಯ ಪಕ್ಕದ ಅಘನಾಶಿನಿ ಅಳಿವೆಯು ಅಣೆಕಟ್ಟಿಲ್ಲದ ನದಿಯೊಂದು ಸಮುದ್ರ ಸೇರುವ ತಾಣ. 2024ರಲ್ಲಿ ಇದನ್ನು ರಾಮ್ಸಾರ್ ಪಟ್ಟಿಗೆ, ಎಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿಸಲಾಯಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಸೊಂಟದುದ್ದ ನೀರಿಗಿಳಿದು ಇಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ದಂಡೆಯ ಗಜನಿ ಭೂಮಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗುಗದ್ದೆಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಪೈರು ಎತ್ತರವಾಗಿ ಬೆಳೆದು ನೆರೆಯನ್ನೂ ಉಪ್ಪನ್ನೂ ಸಹಿಸುತ್ತದೆ, ಗೊಬ್ಬರ ಬೇಡುವುದಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಮರದ ಬಾಗಿಲುಗಳನ್ನು ತೆರೆದು ಉಬ್ಬರದ ನೀರು ಬಿಟ್ಟರೆ ಅದರೊಂದಿಗೆ ಸಿಗಡಿ, ಮೀನುಗಳು ಒಳಬರುತ್ತವೆ, ಕೊಳೆತ ಕೂಳೆಯೂ ಮೀನಿನ ಹಿಕ್ಕೆಯೂ ಮುಂದಿನ ಬೆಳೆಗೆ ಸತ್ವವಾಗುತ್ತವೆ.

1990ರ ದಶಕದಲ್ಲಿ ರಫ್ತಿನ ಆಸೆಯಿಂದ ಹಲವು ಗಜನಿಗಳು ವರ್ಷಪೂರ್ತಿ ಸಿಗಡಿ ಸಾಕುವ ಕೆರೆಗಳಾದವು. ಬಳಿಕ ರೋಗ ತಗಲಿ ಆ ಉದ್ಯಮ ಕುಸಿದಾಗ ಭತ್ತಕ್ಕೆ ಮರಳುವುದು ಸುಲಭವಾಗಲಿಲ್ಲ. ಕಗ್ಗದ ಅನ್ನವನ್ನು ಪ್ರವಾಸಿಯ ಎಲೆಗೆ ತರಬೇಕೆಂಬ ಮಾತಿಗೂ ಇದೇ ತೊಡಕು ಎದುರಾಗುತ್ತದೆ. ಗಜನಿಗೆ ಹೊರದಂಡೆ ಒಂದೇ ಆದ್ದರಿಂದ ಅದು ಎಲ್ಲಿ ಒಡೆದರೂ ಉಪ್ಪುನೀರು ಒಳಗಿನ ಗದ್ದೆಗಳಿಗೆಲ್ಲ ಹರಿಯುತ್ತದೆ. ಹೀಗಾಗಿ ಒಬ್ಬ ರೈತ ತನ್ನಷ್ಟಕ್ಕೆ ಕಗ್ಗ ಬಿತ್ತಲಾರ. ದಂಡೆ ಕಟ್ಟುವುದನ್ನೂ ಬಾಗಿಲು ಕಾಯುವುದನ್ನೂ ಆ ಗಜನಿಯಲ್ಲಿ ಗದ್ದೆಯುಳ್ಳವರೆಲ್ಲ ಸೇರಿಯೇ ಮಾಡಬೇಕಾಗುತ್ತದೆ.