‘ೞ’ ಅಕ್ಷರದ ಎರಡು ಹೆಸರುಗಳು

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಕನ್ನಡಿಗರಾದ ನಮಗೆ ಎರಡು ಭಾಷೆಗಳು ಬಾಲ್ಯದಿಂದಲೇ ಕಿವಿಗೆ ಬಿದ್ದಿವೆ. ನಾವು ‘ಏಳು’ ಎನ್ನುವುದನ್ನು ನೆರೆಮನೆಯವರು ‘ಏಡು’ ಎನ್ನುತ್ತಾರೆ. ನಮ್ಮ ‘ಕೋಳಿ’ ಅವರಿಗೆ ‘ಕೋಡಿ’. ಈ ಎರಡೂ ರೂಪಗಳಿಗೆ ಮೂಲ ಒಂದೇ. ಹಳಗನ್ನಡದಲ್ಲಿ ಅವು ‘ಏೞು’, ‘ಕೋೞಿ’. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ಜೀವಂತವಾಗಿರುವ ಈ ‘ೞ’ ಧ್ವನಿ ಕನ್ನಡದಲ್ಲಿ ‘ಳ’ಕಾರದಲ್ಲಿ ಲೀನವಾಯಿತು, ವ್ಯಂಜನದ ಹಿಂದೆ ಬಂದಲ್ಲಿ ‘ರ್’ ಆಗಿ, ಮುಂದೆ ಅದೂ ಕರಗಿತು. ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದದ್ದು ಹೀಗೆ.

ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕಾಗಲೇ ಈ ಗೊಂದಲ ಬೆಳೆದಿತ್ತು. ‘ಶಬ್ದಮಣಿದರ್ಪಣ’ದಲ್ಲಿ ಆತ ರಳ, ಕುಳ, ಕ್ಷಳ ಎಂದು ಭೇದ ಕಲ್ಪಿಸಿ, ‘ೞ’ ಬರುವ ಶಬ್ದಗಳನ್ನು ಎಣಿಸಿಕೊಟ್ಟನು. ಉಚ್ಚಾರಣೆ ಸ್ಪಷ್ಟವಾಗಿದ್ದರೆ ಪಟ್ಟಿಯ ಅಗತ್ಯವೇನಿತ್ತು? ‘ೞ’ಗೆ ‘ರಳ’ವೆಂಬ ಹೆಸರು ಅಷ್ಟು ಹಳೆಯದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟ್ಟೆಲರ ನಿಘಂಟಿನಲ್ಲಿಯೂ ಈ ಅಕ್ಷರಕ್ಕೆ ಸ್ಥಾನವಿತ್ತು.

ಆದರೆ ಗಣಕಯಂತ್ರದ ಯುಗದಲ್ಲಿ ಅದಕ್ಕೊಂದು ವಿಚಿತ್ರ ನಾಮಕರಣವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕೆಯನ್ನು ನಿಗದಿಪಡಿಸುವ ಯೂನಿಕೋಡ್ 1991ರಲ್ಲಿ ಹೊರಬಂದಿತು. ಅದರಲ್ಲಿ 3072ರಿಂದ 3199ರವರೆಗಿನ 128 ಸ್ಥಾನಗಳು ತೆಲುಗಿಗೆ, 3200ರಿಂದ 3327ರವರೆಗಿನವು ಕನ್ನಡಕ್ಕೆ. ಭೂಪಟದಲ್ಲಿದ್ದಂತೆ ಅಲ್ಲಿಯೂ ಇಬ್ಬರದು ಒಂದೇ ಗೋಡೆ! ‘ೞ’ ದೊರೆತದ್ದು 3294ನೆಯ ಸ್ಥಾನದಲ್ಲಿ. ಆದರೆ ಅದರ ಅಧಿಕೃತ ಹೆಸರು ಇಂಗ್ಲಿಷಿನ ‘ಎಫ್’ ಧ್ವನಿಯ ‘ಫ’ ಎಂದಾಗಿದೆ. ‘ಫ್ಯಾನ್’ ಎನ್ನುವಾಗಿನ ಆ ಧ್ವನಿಗೂ ಹಳಗನ್ನಡದ ರಳಕ್ಕೂ ಏನು ಸಂಬಂಧ? ಏನೂ ಇಲ್ಲ. ಅಂಥ ಧ್ವನಿಯನ್ನು ಸೂಚಿಸಲು 2003ರಲ್ಲಿ ಸೇರಿದ ನುಕ್ತಾ ಚಿಹ್ನೆಯನ್ನು ‘ಫ’ಕ್ಕೆ ಹಚ್ಚಿದರೆ ಸಾಕು.

ತಪ್ಪು ಗೊತ್ತಾದ ಮೇಲೆ ತಿದ್ದಬಹುದಿತ್ತಲ್ಲವೇ ಎಂದು ಯಾರಿಗೂ ಅನ್ನಿಸೀತು. ಆದರೆ 1996ರ ಎರಡನೆಯ ಆವೃತ್ತಿಯಿಂದ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮ. ತಂತ್ರಾಂಶಗಳು ಆ ಹೆಸರನ್ನೇ ಗುರುತಾಗಿ ಬಳಸುತ್ತಿರಬಹುದು. ಬದಲಿಸಿದರೆ ಅವು ಕೆಡುತ್ತವೆ.

ಹಾಗಾದರೆ ಇನ್ನೊಂದು ‘ೞ’ವನ್ನೇ ಹೊಸದಾಗಿ ಸೇರಿಸಬಹುದಿತ್ತೇ? ಅದಕ್ಕೆ ಜಾಗವೂ ಇತ್ತು. ಭಾರತೀಯ ಲಿಪಿಗಳನ್ನು ಯೂನಿಕೋಡಿನಲ್ಲಿ ಒಂದೇ ಸಾಲಿನ ಮನೆಗಳಂತೆ ಜೋಡಿಸಲಾಗಿದೆ. ತಮಿಳು, ಮಲಯಾಳಂ, ದೇವನಾಗರಿಗಳಲ್ಲಿ ಈ ಅಕ್ಷರವಿರುವ ಮನೆಗೆ ಸಮನಾದದ್ದು ಕನ್ನಡದಲ್ಲಿ 3252. ಆದರೆ ಅಲ್ಲಿ ಎರಡನೆಯದನ್ನು ಕೂರಿಸಿದ್ದರೆ ಅನಾಹುತವಾಗುತ್ತಿತ್ತು. ಒಬ್ಬರು ಶಾಸನಪಾಠವನ್ನು 3294ರಿಂದ ಬರೆಯುತ್ತಾರೆ, ಇನ್ನೊಬ್ಬರು 3252ರಿಂದ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಬಾೞೆ’ ಎಂದು ಹುಡುಕಿದರೆ ಅರ್ಧ ಪಾಠಗಳು ಸಿಕ್ಕುವುದೇ ಇಲ್ಲ.

ಕೊನೆಗೆ ಆದದ್ದು ಇಷ್ಟು: ಅಂಕೆ ಇದ್ದಂತೆಯೇ ಇದೆ, ತಪ್ಪು ಹೆಸರೂ ಇದ್ದಂತೆಯೇ ಇದೆ, ಅದರ ಪಕ್ಕದಲ್ಲಿ ಅಧಿಕೃತ ತಿದ್ದುಪಡಿಯಾಗಿ ಸರಿಯಾದ ಹೆಸರನ್ನು ನಮೂದಿಸಿದ್ದಾರೆ. ಶಾಲೆಯ ದಾಖಲಾತಿ ವಹಿಯನ್ನು ಕಂಡವರಿಗೆ ಈ ರೀತಿ ಹೊಸದಲ್ಲ. ಅಲ್ಲಿ ಹೆಸರು ತಪ್ಪಿದ್ದರೆ ಉಜ್ಜಿ ಅಳಿಸುವಂತಿಲ್ಲ, ಅದೇ ಹುಡುಗನಿಗೆ ಮತ್ತೊಂದು ಕ್ರಮಸಂಖ್ಯೆ ಕೊಡುವಂತೆಯೂ ಇಲ್ಲ. ಹಳೆಯದು ಕಾಣುವಂತೆಯೇ ಮೇಲೆ ತಿದ್ದಿ ಸಹಿ ಮಾಡಬೇಕು. ನನ್ನ ಮಟ್ಟಿಗೆ ಯೂನಿಕೋಡಿನವರ ತೀರ್ಮಾನ ಉಚಿತವೇ. ಆದರೆ ಮೊದಲ ಬಾರಿಗೆ ಪಟ್ಟಿ ಬರೆಯುವಾಗ ಹಳಗನ್ನಡ ಬಲ್ಲವರೊಬ್ಬರನ್ನು ಕೇಳಿದ್ದರೆ ಈ ತಿದ್ದುಪಡಿಯೇ ಬೇಕಿರಲಿಲ್ಲ.

ತೆಲುಗಿನ ಕಥೆ ಬೇರೆ. ಕಡಪ ಸೀಮೆಯ ರೇನಾಡು ಚೋಳರ ಪ್ರಾಚೀನ ಶಾಸನಗಳಲ್ಲಿ ಕಾಣುವ ಈ ಅಕ್ಷರ ತೆಲುಗಿನ ಪಟ್ಟಿಯಲ್ಲಿ ಬಹುಕಾಲ ಇರಲೇ ಇಲ್ಲ. 2014ರಲ್ಲಿ ಅದನ್ನು ಸೇರಿಸಿದಾಗ ಹೆಸರೂ ಸರಿಯಾಗಿತ್ತು. ಇತರ ಲಿಪಿಗಳ ಸಾಲಿಗೆ ಹೊಂದುವ 3124ನೆಯ ಮನೆಯೇ ದೊರೆಯಿತು. ತಡವಾಗಿ ಬಂದವರಿಗೆ ಒಳ್ಳೆಯ ಜಾಗ!

ನಮ್ಮ ಪಟ್ಟಿಯ 3252ನೆಯ ಸ್ಥಾನ ಖಾಲಿಯಾಗಿಯೇ ಉಳಿದಿದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ನಮ್ಮ ಹೇಮಾವತಿಯ ಹಳಗನ್ನಡ ಶಾಸನಗಳನ್ನು ಗಣಕಕ್ಕೆ ಇಳಿಸಲು ಹೊರಡುವ ತರುಣರು ‘ೞ’ ಬಂದಲ್ಲಿ ‘ಳ’ವನ್ನು ಒತ್ತಿ ಮುಂದೆ ಸಾಗದೆ, ‘ಫ’ ಎಂಬ ಹೆಸರು ಕಂಡು ಹಿಂಜರಿಯದೆ, 3294ನ್ನೇ ಬಳಸಬೇಕು.